ಮೂರು ಲಕ್ಷ, ಎರಡು ಕೋಣೆ, ಒಂದು ಗ್ರಾನೈಟ್ ಫಲಕ: ಶಾಲೆಯ ಮ್ಯೂಸಿಯಂನಲ್ಲಿ ದುಡ್ಡು ಎಲ್ಲಿ ಹಾಕೋದು?

ಅರಸೀಕೆರೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಅರಸೀಕೆರೆ ತಾಲೂಕಿನ ಒಂದು ಹೈಸ್ಕೂಲು. ಹಳೇ ಹೆಂಚಿನ ಕಟ್ಟಡದಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ. ಹಳೆಯ ವಿದ್ಯಾರ್ಥಿಗಳು ಸೇರಿ ಅಲ್ಲೊಂದು ಪುಟ್ಟ ಮ್ಯೂಸಿಯಂ ಮಾಡೋಣ ಅಂದರು. ಊರಿನವರು ಅಟ್ಟದಿಂದ ಇಳಿಸಿ ಇಳಿಸಿ ಕೊಟ್ಟಿದ್ದಾರೆ. ಪಾವು, ಸೇರು, ಕೊಳಗ, ರಾಗಿ ಬೀಸುವ ಕಲ್ಲು, ಕೂರಿಗೆ, ಹಿತ್ತಾಳೆ ಹಂಡೆ, ಒಂದು ವಾಲ್ವ್ ರೇಡಿಯೋ, ನಾಲ್ಕೈದು ತಾಳೆಗರಿ ಕಟ್ಟು. ದುಡ್ಡು ಮೂರು ಲಕ್ಷದ ಹತ್ತಿರ ಸೇರಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಕೊಡುತ್ತಿದ್ದಾರೆ, ಬೆಂಗಳೂರಿನಲ್ಲಿ ವ್ಯಾಪಾರ ಅವರದ್ದು. ಒಳ್ಳೆಯ ಮನುಷ್ಯ, ಕೊಡುವ ಕೈ. ಅವರ ಆಸೆ ಏನೆಂದರೆ ಬಾಗಿಲಲ್ಲಿ ದೊಡ್ಡ ಗ್ರಾನೈಟ್ ಫಲಕ, ಒಳಗೆ ನೆಲಕ್ಕೂ ಗ್ರಾನೈಟ್, ಗೋಡೆಗೆ ಒಂದು ಟಚ್ ಸ್ಕ್ರೀನ್. ಕೊಟೇಶನ್ ತರಿಸಿ ನೋಡಿದೆ. ದುಡ್ಡು ಅಲ್ಲಿಗೇ ಮುಗಿಯುತ್ತದೆ.

ನನಗೆ ಯಾಕೆ ಹಿಂಜರಿಕೆ ಅಂದರೆ, ಹೋದ ಡಿಸೆಂಬರ್‌ನಲ್ಲಿ 52 ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಒಂದು ಮ್ಯೂಸಿಯಂ ತೋರಿಸಿದ್ದೆ. ಯಾವುದು ಅಂತ ಹೇಳುವುದು ಬೇಡ. ಹನ್ನೆರಡು ನಿಮಿಷಕ್ಕೆ ಎಲ್ಲರೂ ಆಚೆ ಬಂದಿದ್ದರು, ನಾನು ಇನ್ನೂ ಚಪ್ಪಲಿ ಬಿಡುತ್ತಿದ್ದೆ ಅಂದರೂ ಸುಳ್ಳಾಗಲ್ಲ. ಚೆಂದದ ಒಂದು ಶಿಲ್ಪದ ಕೆಳಗೆ, ಮೊಣಕಾಲಿನ ಮಟ್ಟದಲ್ಲಿ, ಒಂದು ಚೀಟಿ: ‘ಸ್ತ್ರೀ ಶಿಲ್ಪ. ಕಲ್ಲು. ಸು. 12ನೇ ಶತಮಾನ.’ ಒಂಬತ್ತನೇ ಕ್ಲಾಸಿನ ಹುಡುಗಿ ಬಗ್ಗಿ ಓದಿ, ‘ಸಾರ್, ಕಲ್ಲು ಅಂತ ನಮಗೇ ಕಾಣುತ್ತಲ್ವಾ?’ ಅಂದಳು.

ಆದರೆ ಬಾಗಿಲ ಪಕ್ಕದ ಉದ್ಘಾಟನೆ ಫಲಕ ಮಾತ್ರ ಎದೆಯ ಎತ್ತರದಲ್ಲಿತ್ತು. ಕಪ್ಪು ಕಲ್ಲು, ಚಿನ್ನದ ಬಣ್ಣದ ಅಕ್ಷರ, ಮೇಲೊಂದು ಲೈಟು. ಊರಿಗೆ ಬಂದು ವರದಿ ಬರೆಯಿರಿ ಅಂದರೆ ಆರು ಮಕ್ಕಳು ಆ ಫಲಕವನ್ನೇ ಇಳಿಸಿಕೊಂಡು ಬಂದಿದ್ದರು, ಅಧ್ಯಕ್ಷತೆ, ಘನ ಉಪಸ್ಥಿತಿ ಸಮೇತ. ಅವರದೇನು ತಪ್ಪು? ಆ ಕಟ್ಟಡದಲ್ಲಿ ಓದಲು ಆಗುತ್ತಿದ್ದದ್ದು ಅದೊಂದೇ.

ನಮ್ಮ ಎರಡು ಕೋಣೆಯೂ ಹಾಗಾಗಬಾರದು. ಅನುಭವ ಇದ್ದವರು ಹೇಳಿ.

ಬಡಗಿ, ಚಿಕ್ಕಮಗಳೂರು:
ಮೇಷ್ಟ್ರೇ, ನಾನು ಇದೇ ಕೆಲಸದವನು. ವಸ್ತುಪ್ರದರ್ಶನದ ಮಳಿಗೆ, ಹೋಂಸ್ಟೇ ಕಪಾಟು, ನಡುನಡುವೆ ಮ್ಯೂಸಿಯಂ ಶೋಕೇಸು, ಎಲ್ಲ ಮಾಡಿದ್ದೇನೆ. ಜಾಸ್ತಿ ಸಬ್ ಕಾಂಟ್ರ್ಯಾಕ್ಟ್.

ಲೇಬಲ್ ಯಾಕೆ ಮೊಣಕಾಲಿಗೆ ಬರುತ್ತದೆ ಅಂತ ಹೇಳುತ್ತೇನೆ. ಟೆಂಡರಿನಲ್ಲಿ ಪ್ಲೈವುಡ್‌ಗೆ ಚದರ ಅಡಿ ರೇಟಿದೆ. ಗಾಜಿಗಿದೆ. ಫಾಲ್ಸ್ ಸೀಲಿಂಗಿಗಿದೆ. ಬರೆಯುವುದಕ್ಕೆ ರೇಟಿಲ್ಲ. ‘ಲೇಬಲ್ ಬರೆಸುವುದು, ತಿದ್ದಿಸುವುದು, ನಾಲ್ಕು ಜನರ ಕೈಲಿ ಓದಿಸಿ ನೋಡುವುದು’ ಅಂತ ಒಂದು ಸಾಲು ನಾನು ಕೈಹಾಕಿದ ಯಾವ ಕೆಲಸದಲ್ಲೂ ಕಂಡಿಲ್ಲ. ಎಲ್ಲರಿಗಿಂತ ಕಡಿಮೆ ಕೂಗಿದವನಿಗೆ ಕೆಲಸ, ಮಾರ್ಚ್ 31ರೊಳಗೆ ಬಿಲ್ಲು. ಶೋಕೇಸು ನಿಂತು, ಪಾಲಿಶ್ ಒಣಗಿ, ನಾಳೆ ಬೆಳಿಗ್ಗೆ ಉದ್ಘಾಟನೆ ಅನ್ನುವ ರಾತ್ರಿ ಯಾರೋ ಒಂದು ಪೆನ್ ಡ್ರೈವ್ ತಂದುಕೊಡುತ್ತಾರೆ. ಅಷ್ಟು ಹೊತ್ತಿಗೆ ಖಾಲಿ ಉಳಿದಿರುವ ಜಾಗ ಪೀಠದ ಕೆಳಪಟ್ಟಿ ಒಂದೇ. ಅಲ್ಲೇ ಅಂಟಿಸುತ್ತೇವೆ. ಒಂದು ಸಲ ಎರಡು ಲೇಬಲ್ ಅದಲು ಬದಲಾಗಿ ಗಣಪತಿ ಕೆಳಗೆ ‘ದ್ವಾರಪಾಲಕ’ ಅಂತ ಬಿತ್ತು. ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ನಾನೇ ನೋಡಿ ತಿದ್ದಿದೆ. ಅಲ್ಲಿವರೆಗೆ ಒಬ್ಬರೂ ಬಗ್ಗಿ ಓದಿರಲಿಲ್ಲ.

ಇದು ನಮ್ಮ ಕಡೆಯ ರೋಗ ಮಾತ್ರ ಅಂದುಕೊಳ್ಳಬೇಡಿ. 1916ರಲ್ಲೇ ಅಮೆರಿಕದ ಬಾಸ್ಟನ್ ಮ್ಯೂಸಿಯಂನ ಗಿಲ್ಮನ್ ಅನ್ನುವವರು ಒಬ್ಬ ಮನುಷ್ಯನನ್ನು ಶೋಕೇಸುಗಳ ಮುಂದೆ ನಿಲ್ಲಿಸಿ, ಅವನು ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ ನೋಡುವುದನ್ನೆಲ್ಲ ಫೋಟೋ ತೆಗೆಸಿ ಒಂದು ಲೇಖನ ಬರೆದರು. ಮ್ಯೂಸಿಯಂ ನೋಡಿ ಸುಸ್ತಾಗುವುದಕ್ಕೆ ಒಂದು ಹೆಸರೇ ಬಂದಿದ್ದು ಅದರಿಂದ. ನೂರು ವರ್ಷ ದಾಟಿತು, ನಾವು ಇನ್ನೂ ಬಗ್ಗುತ್ತಲೇ ಇದ್ದೇವೆ.

ನೀವು ಒಂದು ಕೆಲಸ ಮಾಡಿ. ಕಪಾಟಿಗೆ ಆರ್ಡರ್ ಕೊಡುವ ಮುಂಚೆ ಮಕ್ಕಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕಣ್ಣಿನ ನೇರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪಕ್ಕದ ಪ್ರೈಮರಿ ಮಕ್ಕಳನ್ನೂ ಕರೆಯಿರಿ. ಊರಿನ ಒಬ್ಬ ಅಜ್ಜಿಯನ್ನೂ.

ಖಾರ ಮಂಡಕ್ಕಿ:
ಮೂರು ಲಕ್ಷಕ್ಕೆ ಮ್ಯೂಸಿಯಂ ಯಾಕ್ರೀ? ಆ ದುಡ್ಡಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಶೌಚಾಲಯ ಕಟ್ಟಿಸಿ. ಹಳೇ ಸೇರು ಪಾವು ನೋಡಿ ಯಾರ ಹೊಟ್ಟೆ ತುಂಬುತ್ತೆ.

ನಿವೃತ್ತ ಅಟೆಂಡರ್:
ಮಂಡಕ್ಕಿಯವರು ತಮಾಷೆಗೆ ಅಂದರೋ ಏನೋ, ನಾನು ಅದನ್ನು ನಿಜ ಅಂತಲೇ ತಗೋತೇನೆ. ನಾನು ಮ್ಯೂಸಿಯಂ ಬಾಗಿಲಲ್ಲಿ ಕೂತು ಕೆಲಸ ಮಾಡಿದವನು. ಅಷ್ಟು ವರ್ಷದಲ್ಲಿ ಜನ ನನ್ನನ್ನು ಮೊದಲು ಕೇಳಿದ ಪ್ರಶ್ನೆ ‘ಟಾಯ್ಲೆಟ್ ಎಲ್ಲಿದೆ’. ಎರಡನೆಯದು ‘ಕುಡಿಯೋಕೆ ನೀರು ಸಿಗುತ್ತಾ’. ಮೂರನೆಯದು ‘ನೋಡೋಕೆ ಎಷ್ಟು ಹೊತ್ತು ಬೇಕು’. ಹೊಯ್ಸಳರ ಬಗ್ಗೆ ಪ್ರಶ್ನೆ ಬರುತ್ತಿದ್ದದ್ದು ಇವೆಲ್ಲ ಮುಗಿದ ಮೇಲೆ.

ದುಡ್ಡಿನ ವಿಷಯ ಹೇಳುತ್ತೇನೆ. ಟಿಕೆಟ್ ದುಡ್ಡು ನಮ್ಮ ಹತ್ತಿರ ಉಳಿಯುವುದಿಲ್ಲ, ಖಜಾನೆಗೆ ಹೋಗುತ್ತದೆ. ಒಂದು ಬಲ್ಬ್ ಹೋಯಿತು ಅಂದರೆ ಅದೇ ಖಜಾನೆಯಿಂದ ಕೇಳಬೇಕು. ಕಾಗದ ಮೇಲಕ್ಕೆ ಹೋಗಿ ಕೆಳಕ್ಕೆ ಬರುವಷ್ಟರಲ್ಲಿ ಪಕ್ಕದ ಬಲ್ಬೂ ಹೋಗಿರುತ್ತದೆ. ಕಟ್ಟಡ ಕಟ್ಟುವುದಕ್ಕೆ ಕೋಟಿ ಬರುತ್ತದೆ, ಬಲ್ಬಿಗೆ ಇನ್ನೂರು ರೂಪಾಯಿ ಬರುವುದಿಲ್ಲ. ಯಾಕೆ ಅಂದರೆ ಬಲ್ಬ್ ಹಾಕಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಒಂದು ಸಲ ಮೂಲೆಯ ಶೋಕೇಸಿನ ಟ್ಯೂಬ್‌ಲೈಟ್ ಕೆಟ್ಟು ತಿಂಗಳುಗಟ್ಟಲೆ ಕತ್ತಲಿತ್ತು. ಒಳಗೆ ಏನಿದೆ ಅಂತ ಒಬ್ಬರೂ ಬಗ್ಗಿ ನೋಡಲಿಲ್ಲ. ಕೊನೆಗೆ ಸ್ಟೋರ್ ರೂಮಿನ ಟ್ಯೂಬ್ ಬಿಚ್ಚಿ ನಾನೇ ಹಾಕಿದೆ. ಅವತ್ತು ಮಧ್ಯಾಹ್ನವೇ ಒಬ್ಬರು ಬಂದು, ‘ಇದು ಹೊಸದಾಗಿ ಬಂದಿದ್ದಾ?’ ಅಂದರು. ಆ ತಾಮ್ರಶಾಸನ ನಾನು ಕೆಲಸಕ್ಕೆ ಸೇರುವ ಮುಂಚಿನಿಂದ ಅಲ್ಲೇ ಇತ್ತು!

ಇನ್ನೊಂದು. ಒಂದು ಬೆಂಚು ಹಾಕಿ. ಬೆಂಚಿದ್ದ ಕೋಣೆಯಲ್ಲಿ ಜನ ನಿಲ್ಲುತ್ತಿದ್ದರು. ಬೆಂಚಿಲ್ಲದ ಕೋಣೆ ದಾರಿ ಇದ್ದ ಹಾಗೆ, ಈ ಬಾಗಿಲಲ್ಲಿ ಬಂದು ಆ ಬಾಗಿಲಲ್ಲಿ ಹೋಗುವುದು.

ಹಳೇಬೀಡು ಟಾರ್ಚ್:
ಗುರುಗಳೇ, ನಾನು ಗೈಡ್. ಬೆಳಕಿನ ಬಗ್ಗೆ ನನ್ನದೂ ಒಂದು ಮಾತು.

ಬೇಲೂರು ದೇವಸ್ಥಾನದ ನವರಂಗಕ್ಕೆ, ಅಂದರೆ ಒಳಗಿನ ಕಂಬಗಳ ಮಂಟಪಕ್ಕೆ, ಕರೆದುಕೊಂಡು ಹೋದಾಗ ಪ್ರವಾಸಿಗರು ಮೊಬೈಲ್ ಟಾರ್ಚನ್ನು ನೆಟ್ಟಗೆ ಕಂಬಕ್ಕೆ ಹಿಡಿಯುತ್ತಾರೆ. ಏನೂ ಕಾಣುವುದಿಲ್ಲ, ಬರೀ ಬಿಳಿ. ನಾನು ಅವರ ಕೈ ಹಿಡಿದು ಪಕ್ಕಕ್ಕೆ ತರುತ್ತೇನೆ, ಕಲ್ಲನ್ನು ಸವರಿದ ಹಾಗೆ ಬೆಳಕು ಬೀಳಬೇಕು. ಆಗ ಒಂದೊಂದು ಗೆರೆಗೂ ನೆರಳು ಬಂದು ಬಳೆ, ಸರ, ಉಗುರು ಎಲ್ಲ ಎದ್ದು ನಿಲ್ಲುತ್ತದೆ. ‘ಅಯ್ಯೋ ಇದು ಇಷ್ಟು ಹೊತ್ತು ಎಲ್ಲಿತ್ತು’ ಅನ್ನುತ್ತಾರೆ. ಬಳಪದ ಕಲ್ಲು ಮೆತ್ತಗಿದ್ದಾಗ ಕೆತ್ತಿದ ಸೂಕ್ಷ್ಮ ಅದು, ಎದುರಿನ ಬೆಳಕಿಗೆ ಸಿಗುವುದಿಲ್ಲ. ಹಳೇಬೀಡಿನಲ್ಲಿ ದೇವಸ್ಥಾನದ ಪಕ್ಕದ ಮ್ಯೂಸಿಯಂ ಅಂಗಳದಲ್ಲೂ ಅದೇ ಕಥೆ, ಬಯಲಲ್ಲಿ ಇಟ್ಟ ಶಿಲ್ಪಗಳನ್ನು ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ನೋಡಿ, ನಡುಮಧ್ಯಾಹ್ನ ನೋಡಿ, ಎರಡೂ ಬೇರೆ ಶಿಲ್ಪ ಅನ್ನಬೇಕು. (ಶುಕ್ರವಾರ ಆ ಮ್ಯೂಸಿಯಂ ರಜೆ. ಶಾಲಾ ಪ್ರವಾಸ ಇಟ್ಟುಕೊಳ್ಳುವವರು ದಯವಿಟ್ಟು ನೆನಪಿಟ್ಟುಕೊಳ್ಳಿ, ಎಷ್ಟು ಬಸ್ಸು ವಾಪಸ್ ಹೋಗಿದ್ದನ್ನು ನೋಡಿದ್ದೇನೋ.)

ಹಾಗಾಗಿ ಲೈಟಿಗೆ ದುಡ್ಡು ಜಾಸ್ತಿ ಬೇಡ, ಲೈಟ್ ಎಲ್ಲಿಡಬೇಕು ಅಂತ ಗೊತ್ತಿರುವವರು ಬೇಕು.

ಇನ್ನು ಆ ‘ಸ್ತ್ರೀ ಶಿಲ್ಪ, ಕಲ್ಲು’ ಚೀಟಿ. ಬೇಲೂರು ದೇವಸ್ಥಾನ 1117ರದ್ದು. ಅಲ್ಲಿನ ಮದನಿಕೆಯರ ಕೆಳಗೆ ಶಿಲ್ಪಿಗಳು ಅವತ್ತೇ ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಬಿರುದು ಬಾವಲಿ ಸಮೇತ. ಊರಿನ ಹೆಸರೂ ಇದೆ, ಅಪ್ಪನ ಹೆಸರೂ ಇದೆ. ಒಂಬೈನೂರು ವರ್ಷದ ಹಿಂದಿನ ಲೇಬಲ್ಲೇ ನಮ್ಮ ಈಗಿನ ಲೇಬಲ್ಲಿಗಿಂತ ವಾಸಿ.

ಲೆಕ್ಕದ ಪುಸ್ತಕ:
ನಾನು ಮೂಲತಃ ಹಾಸನದವನು, ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಸಿಎಸ್‌ಆರ್ ಲೆಕ್ಕ ನೋಡುತ್ತೇನೆ. ದಾನಿಗಳ ಪರವಾಗಿ ಸ್ವಲ್ಪ ಮಾತಾಡಲಾ?

2013ರ ಕಂಪನಿ ಕಾಯ್ದೆ ಪ್ರಕಾರ ಇಂತಿಷ್ಟು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಅದೇ ಸಿಎಸ್‌ಆರ್. ಪರಂಪರೆ, ಕಲೆ, ಸಂಸ್ಕೃತಿ ಆ ಪಟ್ಟಿಯಲ್ಲಿ ಇದೆ. ಆದರೆ ವರ್ಷದ ಕೊನೆಗೆ ನಾವು ಫೋಟೋ ತೋರಿಸಬೇಕು. ಕಟ್ಟಡ ಫೋಟೋದಲ್ಲಿ ಬರುತ್ತದೆ, ಟಚ್ ಸ್ಕ್ರೀನ್ ಬರುತ್ತದೆ. ಅಟೆಂಡರ್ ಸಂಬಳ ಬರುವುದಿಲ್ಲ. ಆಮೇಲೆ ಎರಡು ವರ್ಷ ಬಿಟ್ಟು ಹೋದರೆ ಅದೇ ಸ್ಕ್ರೀನಿನ ಮೇಲೆ ‘ದುರಸ್ತಿಯಲ್ಲಿದೆ’ ಅಂತ ಒಂದು ಚೀಟಿ. ಕೊಂಡಾಗ ದುಡ್ಡಿತ್ತು, ವಾರ್ಷಿಕ ನಿರ್ವಹಣೆಗೆ ಯಾರೂ ಇಟ್ಟಿರಲಿಲ್ಲ.

ಉಲ್ಟಾ ಉದಾಹರಣೆ ಬೇಕಾದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿ. ಮಕ್ಕಳು ದಿನವಿಡೀ ಗುಂಡಿ ಒತ್ತಿ, ಹಿಡಿ ತಿರುಗಿಸಿ ನುಗ್ಗಾಡುವ ಜಾಗ. ಅದು ನಡೆಯುತ್ತಿರುವುದಕ್ಕೆ ಮುಖ್ಯ ಕಾರಣ ಅವರದೇ ವರ್ಕ್‌ಶಾಪ್. ಪ್ರದರ್ಶಿಕೆಗಳನ್ನು ತಾವೇ ಮಾಡುತ್ತಾರೆ, ಹಾಗಾಗಿ ಕೆಟ್ಟರೆ ತಾವೇ ರಿಪೇರಿ ಮಾಡಬಲ್ಲರು.

ಮೇಷ್ಟ್ರೇ, ನನ್ನ ಸಲಹೆ: ಒಂದು ಲಕ್ಷ ತೆಗೆದು ಶಾಲೆಯ ಹೆಸರಲ್ಲಿ ಎಫ್‌ಡಿ ಇಡಿ. ವರ್ಷಕ್ಕೆ ಆರು ಸಾವಿರದ ಆಸುಪಾಸು ಬಡ್ಡಿ ಬಂದರೂ ಬಲ್ಬು, ಸುಣ್ಣ, ಗೆದ್ದಲು ಔಷಧಿ, ಹೊಸ ಲೇಬಲ್ ಪ್ರಿಂಟು ಎಲ್ಲ ಆಗುತ್ತದೆ. ದಾನಿಗೆ ಹೆಸರು ಬೇಕು ಅಂದರೆ ಕೊಡಿ, ಅದರಲ್ಲಿ ತಪ್ಪಿಲ್ಲ. ‘ಈ ಕೋಣೆಯ ಬೆಳಕು ಇಂಥವರದ್ದು’ ಅಂತ ಸ್ವಿಚ್ ಬೋರ್ಡ್ ಹತ್ತಿರ ಬರೆಸಿ. ದಿನಾ ಲೈಟ್ ಹಾಕುವಾಗ ಒಬ್ಬರಾದರೂ ಓದುತ್ತಾರೆ. ಗ್ರಾನೈಟನ್ನು ಉದ್ಘಾಟನೆ ದಿನ ಬಿಟ್ಟು ಯಾರು ಓದುತ್ತಾರೆ ಹೇಳಿ?

ಖಾರ ಮಂಡಕ್ಕಿ:
ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ 2019ರಲ್ಲಿ, ನ್ಯೂಯಾರ್ಕಿನ ಮೆಟ್ 2021ರಲ್ಲಿ ಸ್ಯಾಕ್ಲರ್ ಅನ್ನುವ ದಾನಿ ಮನೆತನದ ಹೆಸರನ್ನು ಗ್ಯಾಲರಿಗಳಿಂದ ಕಿತ್ತು ಹಾಕಿದರು, ಅವರ ಔಷಧಿ ಕಂಪನಿಯ ನೋವಿನ ಮಾತ್ರೆ ಜನರಿಗೆ ಚಟ ಹಿಡಿಸಿತು ಅಂತ ಗಲಾಟೆ ಆದ ಮೇಲೆ. ಮೇಷ್ಟ್ರೇ, ಗ್ರಾನೈಟ್ ಆದರೆ ಕೀಳೋದೂ ಕಷ್ಟ, ಸ್ವಿಚ್ ಬೋರ್ಡೇ ವಾಸಿ.

ಅರಸೀಕೆರೆ ಮೇಷ್ಟ್ರು:
ನಮ್ಮ ದಾನಿ ಅಂಥವರಲ್ಲ ಮಾರಾಯ್ರೇ, ಪೈಪ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿ ಅವರದ್ದು!

ಖಾರ ಮಂಡಕ್ಕಿ:
ಹಾಗಾದರೆ ನಾನು ಹೇಳಿದ ಶೌಚಾಲಯಕ್ಕೆ ಅವರೇ ಸರಿ 😄

ಮೂಡಿಗೆರೆ ಮಳೆ:
ನಗು ಬಂತು. ಆದರೆ ದುಡ್ಡು ಕೊಟ್ಟವರು ನೆಲ, ಗೋಡೆ ಮಾತ್ರ ನಿರ್ಧಾರ ಮಾಡುವುದಿಲ್ಲ. ಒಳಗೆ ಯಾರ ಕಥೆ ಇರಬೇಕು ಅನ್ನುವುದನ್ನೂ ಅವರೇ ನಿರ್ಧಾರ ಮಾಡಿಬಿಡುತ್ತಾರೆ, ಎಷ್ಟೋ ಸಲ ಅವರಿಗೇ ಗೊತ್ತಿಲ್ಲದೆ. ಅದನ್ನು ಹೇಳಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಒಂದು ತೋಟದ ಮನೆಯವರು ಹಳೇ ಬಂಗಲೆಯಲ್ಲಿ ‘ಕಾಫಿ ಮ್ಯೂಸಿಯಂ’ ಅಂತ ಒಂದು ಹಾಲ್ ಮಾಡಿದ್ದಾರೆ. ಹೆಸರು ಬೇಡ, ಊಟ ಹಾಕಿ ಕಳಿಸಿದ್ದಾರೆ. ಚೆಂದ ಇದೆ. ಬಾಬಾ ಬುಡನ್ ಏಳು ಬೀಜ ತಂದ ಪ್ರತೀತಿ ಇದೆ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹಳೇ ಫೋಟೋ ಇದೆ, ಕೋವಿ, ಬೆಳ್ಳಿ ಕಪ್ಪು, ಅಜ್ಜನ ಟೋಪಿ, ಎಲ್ಲಕ್ಕೂ ಒಳ್ಳೆಯ ಲೈಟಿಂಗ್. ನಮ್ಮ ಅಮ್ಮ ಅದೇ ಸುತ್ತಿನ ತೋಟಗಳಲ್ಲಿ ಮೂವತ್ತು ವರ್ಷ ಹಣ್ಣು ಕುಯ್ದವರು, ಲೈನ್ ಮನೆಯಲ್ಲಿ ನಮ್ಮನ್ನು ಸಾಕಿದವರು. ಅವರನ್ನು ಕರೆದುಕೊಂಡು ಹೋಗಿದ್ದೆ. ಇಡೀ ಹಾಲ್ ಸುತ್ತಿ ಬಂದು ಅಮ್ಮ ಕೇಳಿದ್ದು ಒಂದೇ: ‘ಬುಟ್ಟಿ ಎಲ್ಲಿ?’

ಬುಟ್ಟಿ ಇರಲಿಲ್ಲ. ಮಳೆಗೆ ತಲೆ ಮೇಲೆ ಹಾಕಿಕೊಳ್ಳುವ ಗೊರಬು ಇರಲಿಲ್ಲ. ಜಿಗಣೆಗೆ ಕಾಲಿಗೆ ಹಚ್ಚುತ್ತಿದ್ದ ಸುಣ್ಣ, ಹೊಗೆಸೊಪ್ಪು ಇರಲಿಲ್ಲ. ಗೋಡೆಯ ಒಂದು ಫೋಟೋದಲ್ಲಿ ಸಾಲಾಗಿ ಹೆಂಗಸರು ಇದ್ದರು, ಕೆಳಗೆ ‘ಕಾರ್ಮಿಕರು’ ಅಂತ ಮಾತ್ರ. ದೊರೆಯ ನಾಯಿಗೆ ಹೆಸರಿತ್ತು.

ಯಾರೂ ಬೇಕು ಅಂತ ಮಾಡಿದ್ದಲ್ಲ ಅದು. ಅವರ ಮನೆಯ ಅಟ್ಟದಲ್ಲಿ ಏನಿತ್ತೋ ಅದನ್ನು ಇಟ್ಟಿದ್ದಾರೆ. ಬುಟ್ಟಿ ಅವರ ಅಟ್ಟದಲ್ಲಿ ಇರುವುದಿಲ್ಲ, ಅದು ನಮ್ಮ ಮನೆಯಲ್ಲಿ ಸವೆದು ಒಲೆಗೆ ಹೋಯಿತು. ಮೇಷ್ಟ್ರೇ, ನಿಮ್ಮ ಹತ್ತಿರ ಬಂದ ಸಾಮಾನಿನ ಪಟ್ಟಿ ಸ್ವಲ್ಪ ನೋಡಿ. ಹಿತ್ತಾಳೆ ಹಂಡೆ ಯಾರ ಮನೆಯದ್ದು, ತಾಳೆಗರಿ ಯಾರ ಮನೆಯದ್ದು? ಊರಿನ ಯಾವ ಕೇರಿಯಿಂದ ಏನೂ ಬಂದಿಲ್ಲ?

ಅರಸೀಕೆರೆ ಮೇಷ್ಟ್ರು:
ಇದನ್ನು ಓದಿ ಆ ಪಟ್ಟಿ ತೆಗೆದು ನೋಡಿದೆ. ಹೇಳೋಕೆ ನಾಚಿಕೆ ಆಗುತ್ತದೆ. 41 ಸಾಮಾನು ಬಂದಿವೆ, ಊರಿನ ಎರಡು ಬೀದಿ ಬಿಟ್ಟು ಬೇರೆ ಎಲ್ಲಿಂದಲೂ ಬಂದಿಲ್ಲ. ನಾವು ಕೇಳಲೇ ಇಲ್ಲ. ನಾಳೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತೇನೆ. ಅಕ್ಕ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ನಿವೃತ್ತ ಅಟೆಂಡರ್:
ಹೊರಡುವ ಮುಂಚೆ ಎರಡು ಎಚ್ಚರಿಕೆ.

ಹೊಲದಲ್ಲಿ ವೀರಗಲ್ಲು, ಶಾಸನ ಕಂಡರೆ ಟ್ರ್ಯಾಕ್ಟರಿಗೆ ಹಾಕಿಕೊಂಡು ಬರಬೇಡಿ. 1972ರ ಪುರಾವಸ್ತು ಕಾಯ್ದೆ ಇದೆ, ನೂರು ವರ್ಷ ದಾಟಿದ ಶಿಲ್ಪ, 75 ವರ್ಷ ದಾಟಿದ ಹಸ್ತಪ್ರತಿ ಎಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ಪುರಾತತ್ವ ಇಲಾಖೆಗೆ ಮೊದಲು ತಿಳಿಸಿ. ಕಲ್ಲು ಇದ್ದಲ್ಲೇ ಇರಲಿ, ಫೋಟೋ ಮ್ಯೂಸಿಯಂನಲ್ಲಿ ಇರಲಿ.

ಎರಡನೆಯದು ಆ ತಾಳೆಗರಿ ಕಟ್ಟು. ಗೈಡ್ ಸಾಹೇಬರ ಟಾರ್ಚು ಕಲ್ಲಿಗೆ ಸರಿ, ಗರಿಗೆ ಬೇಡ. ತಾಳೆಗರಿ, ಬಟ್ಟೆ, ಕಾಗದಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅಂತ ನಮಗೆ ಹೇಳಿಕೊಟ್ಟಿದ್ದರು, ಅಂದರೆ ಸಂಜೆ ಮನೆಯೊಳಗಿನ ಮಂದ ಬೆಳಕು. ಕಲ್ಲು, ಲೋಹಕ್ಕೆ ಆ ಚಿಂತೆ ಇಲ್ಲ. ನಿಮ್ಮ ಹೆಂಚಿನ ಕೋಣೆಗೆ ಬಿಸಿಲು ನೇರ ಬೀಳುತ್ತದೆಯಾ ನೋಡಿ. ಗರಿಗಳನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ, ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರದ ಪ್ರತಿ ಸಿಕ್ಕಿದ್ದು ಅಲ್ಲೇ. ನಿಮ್ಮ ಶಾಲೆಯಲ್ಲಿ ದೊಡ್ಡ ಫೋಟೋ ಪ್ರತಿ ಇಟ್ಟರೆ ಸಾಕು, ಮಕ್ಕಳು ಅದನ್ನು ಮುಟ್ಟಿ ಓದಬಹುದು.

ಹಳೇಬೀಡು ಟಾರ್ಚ್:
ಒಪ್ಪಿದೆ ಹಿರಿಯರೇ, ಟಾರ್ಚ್ ಆರಿಸಿದೆ.

ಅಂದಹಾಗೆ ಟಿಕೆಟ್ ಇಡಬೇಕಾ ಬೇಡವಾ? 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದಾಗ ಊರಲ್ಲಿ ಎಲ್ಲರೂ ಇನ್ನು ದುಡ್ಡು ಸುರಿಯುತ್ತದೆ ಅಂದುಕೊಂಡರು. ಹೆಸರು ಬರುತ್ತದೆ, ಜನ ಬರುತ್ತಾರೆ. ದುಡ್ಡು ಅದರ ಹಿಂದೆ ತಾನಾಗಿ ಬರುವುದಿಲ್ಲ.

ಲೆಕ್ಕದ ಪುಸ್ತಕ:
ಶಾಲೆಯದ್ದು, ಬೇಡ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳು 2001ರ ಡಿಸೆಂಬರ್‌ನಲ್ಲಿ ಟಿಕೆಟ್ ತೆಗೆದಾಗ ಜನ ನುಗ್ಗಿ ಬಂದರು, ಆದರೆ ಆ ಕೊರತೆಯನ್ನು ಸರ್ಕಾರ ತುಂಬಿಕೊಟ್ಟಿತು. ನಿಮಗೆ ಎಫ್‌ಡಿ ತುಂಬಿಕೊಡಲಿ. ಒಂದು ಡಬ್ಬಿ ಇಡಿ, ಹಾಕಿದವರು ಹಾಕಲಿ.

ಅರಸೀಕೆರೆ ಮೇಷ್ಟ್ರು:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ದಾನಿಗಳನ್ನು ಭಾನುವಾರ ಶಾಲೆಗೆ ಕರೆದೆ. ಬಡಗಿಯವರು ಹೇಳಿದ ಹಾಗೆ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಸಿದ್ದೆ. ಎಂಟನೇ ಕ್ಲಾಸಿನವರದ್ದು ನಾಲ್ಕೂವರೆ ಅಡಿ ಹತ್ತಿರ, ಪ್ರೈಮರಿ ಮಕ್ಕಳದ್ದು ನಾಲ್ಕಡಿ ಒಳಗೆ. ‘ಇದೇನು ಮೇಷ್ಟ್ರೇ ಗೋಡೆ ಹಾಳು ಮಾಡಿದ್ದೀರಿ’ ಅಂದರು. ಹೇಳಿದೆ. ಅವರು ಸುಮ್ಮನೆ ಕುಕ್ಕರಗಾಲಲ್ಲಿ ಕೂತು ಆ ಮಟ್ಟದಿಂದ ಕೋಣೆ ನೋಡಿದರು, ಸ್ವಲ್ಪ ಹೊತ್ತು. ನೆಲದ ಗ್ರಾನೈಟ್ ಬಿಟ್ಟರು, ಇರುವ ರೆಡ್ ಆಕ್ಸೈಡ್ ನೆಲವನ್ನೇ ಪಾಲಿಶ್ ಮಾಡಿಸುತ್ತೇವೆ. ಎಫ್‌ಡಿಗೂ ಒಪ್ಪಿದರು. ಟಚ್ ಸ್ಕ್ರೀನ್ ಬಿಡಲಿಲ್ಲ, ಅದು ಅವರ ಮಗನ ಆಸೆಯಂತೆ, ಚಿಕ್ಕದು ತರುತ್ತಾರೆ. ಫಲಕ ಇರುತ್ತದೆ, ಒಂದಡಿ ಅಗಲ, ಬಾಗಿಲ ಆಚೆ. ಸ್ವಿಚ್ ಬೋರ್ಡ್ ಮಾತು ಅವರಿಗೆ ಅಷ್ಟು ಇಷ್ಟ ಆಗಲಿಲ್ಲ. ಇರಲಿ.

ಎರಡನೇ ಕೋಣೆ ನಡುವೆ ಒಂದು ಮೇಜು, ಅದರ ಮೇಲೆ ರಾಗಿ ತುಂಬಿದ ತಟ್ಟೆ, ಪಾವು, ಸೇರು, ಕೊಳಗ. ಮಕ್ಕಳು ತಾವೇ ಅಳೆದು ನೋಡಬೇಕು. ಲೇಬಲ್ ಬರೆಯುವ ಕೆಲಸ ಆ ‘ಕಲ್ಲು ಅಂತ ನಮಗೇ ಕಾಣುತ್ತೆ’ ಹುಡುಗಿಗೇ ಕೊಟ್ಟೆ. ಅವಳು ಬರೆದದ್ದು: ‘ಒಂದು ಸೇರಿಗೆ ಎಷ್ಟು ಪಾವು? ಹೇಳಬೇಡಿ, ಅಳೆಯಿರಿ. ಈ ಸೇರು ಕೆಳಗಿನ ಕೇರಿಯ ನಿಂಗಜ್ಜಿಯದ್ದು. ಕೂಲಿಗೆ ರಾಗಿ ಕೊಡುವಾಗ ಇದರಲ್ಲೇ ಅಳೆದು ಕೊಡಿ ಅಂತ ಮನೆಯಿಂದ ತೆಗೆದುಕೊಂಡು ಹೋಗುತ್ತಿದ್ದರಂತೆ.’ ನಾನು ಒಂದು ಅಕ್ಷರ ತಿದ್ದಲಿಲ್ಲ.

ಮೂಡಿಗೆರೆ ಮಳೆ:
ಅಮ್ಮನಿಗೆ ಓದಿ ಹೇಳಿದೆ. ‘ತೋಟದಲ್ಲೂ ಹಂಗೇ ಆಗಿತ್ತು’ ಅಂದರು. ಆಮೇಲೆ ಒಂದು ಗಂಟೆ ಅದೇ ಮಾತು.

ಬಡಗಿ, ಚಿಕ್ಕಮಗಳೂರು:
ಮೇಷ್ಟ್ರೇ, ಆ ಮೇಜು ನಾನೇ ಮಾಡಿಕೊಡುತ್ತೇನೆ, ಸಾಗಣೆ ಖರ್ಚು ಕೊಟ್ಟರೆ ಸಾಕು. ಎತ್ತರ ಎರಡೂಕಾಲು ಅಡಿ ಇಡುತ್ತೇನೆ, ಸಣ್ಣವರಿಗೂ ಕೈ ಸಿಗಲಿ. ಲೇಬಲ್ ಹಲಗೆ ಓರೆಯಾಗಿ ಮೇಜಿಗೇ ಸೇರಿಸುತ್ತೇನೆ. ರಾಗಿ ಚೆಲ್ಲದ ಹಾಗೆ ಸುತ್ತ ಅಂಚು ಕಟ್ಟಬೇಕು, ಒಂದೂವರೆ ಇಂಚು ಸಾಕಾ?

ಅರಸೀಕೆರೆ ಮೇಷ್ಟ್ರು:
ಮೂರಿಂಚು ಮಾಡಿ. ನಮ್ಮ ಎಂಟನೇ ಕ್ಲಾಸ್ ಹುಡುಗರನ್ನು ನೀವು ನೋಡಿಲ್ಲ.